ಲ್ಯಾಬ್ ಬರುವ ಮೊದಲೇ ಸಹಿ ಮಾಡಿ ಕೆಟ್ಟೆವು

ನಮ್ಮದು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ನಾನೊಬ್ಬ ಸದಸ್ಯ. ನಮಗೆ ಆದದ್ದು ಇನ್ನೊಂದು ಊರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಟ್ರಸ್ಟಿನವರು ಇಬ್ಬರು ಬಂದರು. ದೊಡ್ಡ ಕಂಪನಿಯೊಂದರ ಸಿಎಸ್‌ಆರ್ ದುಡ್ಡಿನಲ್ಲಿ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ) ಶಾಲೆಗೆ ಸ್ಟೆಮ್ ಲ್ಯಾಬ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಗಣಿತ ಕಲಿಯುವ ಪ್ರಯೋಗಾಲಯ, ಮಾಡಿಕೊಡುತ್ತೇವೆ ಎಂದರು. ಟೆಲಿಸ್ಕೋಪ್, ರೊಬೋಟ್ ಕಿಟ್, ಹತ್ತು ಟ್ಯಾಬ್, ವಾರಕ್ಕೆ ಎರಡು ದಿನ ಪಾಠ ಮಾಡಲು ಒಬ್ಬ ಟೀಚರ್. ಒಟ್ಟು 6 ಲಕ್ಷದ ಕೆಲಸ. ಊರಿನವರು ಶೇ 10ರಷ್ಟು ವಂತಿಗೆ ಹಾಕಬೇಕು, ಅಷ್ಟೇ.

ನಮ್ಮ ಮಕ್ಕಳು ಮೈಕ್ರೋಸ್ಕೋಪನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದವರು. ಹತ್ತಿ ಬಿಡಿಸುವ ಕಾಲಕ್ಕೆ ಹೆಣ್ಣುಮಕ್ಕಳು ಶಾಲೆ ಬಿಟ್ಟು ಹೊಲಕ್ಕೆ ಹೋಗುತ್ತಾರೆ. ಲ್ಯಾಬ್ ಇದ್ದರೆ ನಾಲ್ಕು ಮಕ್ಕಳಾದರೂ ಉಳಿಯುತ್ತಾರೆ ಅಂದುಕೊಂಡೆವು. ಕೂಲಿಗೆ ಹೋಗುವ ತಾಯಂದಿರು 100, 200 ಕೊಟ್ಟರು. ಬೆಂಗಳೂರಿಗೆ ಗುಳೆ ಹೋದ ಹುಡುಗರು ಫೋನ್‌ಪೇ ಮಾಡಿದರು. 60,000 ಕೂಡಿತು. ಟ್ರಸ್ಟಿನ ಖಾತೆ ಸರಿಯಿಲ್ಲ ಅಂದರು. ಒಬ್ಬರ ಸ್ವಂತ ಖಾತೆಗೇ ಹಾಕಿದೆವು. ಅಲ್ಲೇ ಅನುಮಾನ ಬರಬೇಕಿತ್ತು.

ಜನವರಿಯಲ್ಲಿ ಬ್ಯಾನರ್ ಕಟ್ಟಿ, ಒಂದು ಟೆಲಿಸ್ಕೋಪ್, ನಾಲ್ಕು ಡಬ್ಬಿ ಇಟ್ಟು ಫೋಟೋ ತೆಗೆದರು. ಉಳಿದ ಸಾಮಾನು ನಾಳೆ ಬರುತ್ತೆ, ಬಿಲ್ ಪಾಸ್ ಆಗಬೇಕು ಎಂದು ಒಂದು ಪತ್ರಕ್ಕೆ ಸಹಿ ಕೇಳಿದರು. ‘ಲ್ಯಾಬ್ ಪೂರ್ತಿ ತಲುಪಿದೆ’ ಅಂತ ಅದರಲ್ಲಿತ್ತು. ಹೆಡ್ ಮಾಸ್ತರರೂ ನಾವೂ ಸಹಿ ಮಾಡಿ ಸೀಲು ಹಾಕಿದೆವು. ಪಕ್ಕದ ಶಾಲೆಯಲ್ಲಿ ತೋರಿಸಿ ತರುತ್ತೇವೆ ಎಂದು ಸಂಜೆ ಟೆಲಿಸ್ಕೋಪನ್ನೂ ಒಯ್ದರು. ಆಮೇಲೆ ಫೋನ್ ಹತ್ತಲೇ ಇಲ್ಲ.

ದುಡ್ಡಿಗಿಂತ ಜಾಸ್ತಿ ಪೆಟ್ಟು ಕೊಟ್ಟಿದ್ದು ಆ ಸಹಿ. ಜೂನ್‌ನಲ್ಲಿ ಬೇರೊಂದು ಸಂಸ್ಥೆಯವರು ಒಂದು ರೂಪಾಯಿ ಕೇಳದೆ ಲ್ಯಾಬ್ ಕೊಡಲು ಬಂದಿದ್ದರು. ಕಂಪನಿಗಳು ಲ್ಯಾಬ್ ಕೊಟ್ಟ ಶಾಲೆಗಳ ಪಟ್ಟಿ ನೋಡಿ, ‘ನಿಮ್ಮ ಶಾಲೆಗೆ ಆಗಲೇ ಲ್ಯಾಬ್ ಕೊಟ್ಟಾಗಿದೆಯಲ್ಲ’ ಎಂದು ಮುಂದಿನ ಊರಿಗೆ ಹೋದರು. ನಮ್ಮ ಮಕ್ಕಳ ಹೆಸರಿನಲ್ಲಿ ಯಾರೋ ಆ ದುಡ್ಡು ಎತ್ತಿದ್ದರು.

ಆಮೇಲೆ ತಿಳಿದುಕೊಂಡದ್ದು ಇಷ್ಟು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಲೇಬೇಕು. ಅದಕ್ಕೆ ಊರಿನವರು ವಂತಿಗೆ ಹಾಕಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಅಂಥ ದುಡ್ಡಿನಲ್ಲಿ ಕೆಲಸ ಮಾಡುವ ಟ್ರಸ್ಟಿಗೆ 2021ರಿಂದ ಸರ್ಕಾರದ ಬಳಿ ಸಿಎಸ್‌ಆರ್-1 ಎಂಬ ನೋಂದಣಿ ಬೇಕು. ಮೊದಲು ಆ ನೋಂದಣಿ ಪತ್ರ ಕೇಳಿ. ಕಂಪನಿಗಳು ಒಪ್ಪಿದ ಯೋಜನೆಗಳನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ಅಲ್ಲಿ ನೋಡಿ, ಕಂಪನಿಗೇ ಫೋನ್ ಮಾಡಿ. ನಾವು ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆನ್‌ಲೈನಿನಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಿ. ನಾವು ಮರ್ಯಾದೆಗೆ ಅಂಜಿ ಎರಡು ತಿಂಗಳು ಸುಮ್ನೆ ಕೂತೆವು.

ಈಗ ಠಾಣೆಗೆ ದೂರು ಕೊಟ್ಟಿದ್ದೇವೆ. ನಮ್ಮ ಸಹಿ ತಪ್ಪು, ಲ್ಯಾಬ್ ಬಂದಿಲ್ಲ ಎಂದು ಖಾಲಿ ಕೋಣೆಯ ಫೋಟೋ ಸಮೇತ ಕಂಪನಿಗೆ ಬರೆದಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಕೊಪ್ಪಳ, ಬಳ್ಳಾರಿ ಕಡೆಯ ಎಸ್‌ಡಿಎಂಸಿಯವರು ಯಾರಾದರೂ ಇಂಥದೇ ಪತ್ರಕ್ಕೆ ಸಹಿ ಮಾಡಿದ್ದರೆ, ಇವತ್ತೇ ಕಂಪನಿಗೆ ಬರೆಯಿರಿ.