ನಮ್ಮೂರ ಅಂಗನವಾಡಿ: ಮೂರು ವರ್ಷ ಮಗಳನ್ನು ಕಳಿಸಿದ ಮೇಲೆ

ಮಿಕ್ಸಿ ಕೊಂಡವರು ವಿಮರ್ಶೆ ಬರೆಯುತ್ತಾರೆ. ಫ್ರಿಜ್ಜು ಕೊಂಡವರು ಬರೆಯುತ್ತಾರೆ. ಅಂಗನವಾಡಿ ಬಗ್ಗೆ ಬರೆದವರನ್ನು ನಾನು ಕಾಣೆ. ದುಡ್ಡು ಕೊಟ್ಟಿಲ್ಲವಲ್ಲ, ಬರೆಯುವುದೇನು ಅನ್ನಿಸುತ್ತದೇನೋ. ನನ್ನ ಮಗಳು ಅಲ್ಲಿಗೆ 2022ರ ಜೂನ್‌ನಿಂದ 2025ರ ಏಪ್ರಿಲ್‌ವರೆಗೆ ಹೋದಳು. ನಡುವೆ ನಾಲ್ಕು ತಿಂಗಳು ಬಿಡಿಸಿದ್ದೆವು, ಆ ಕಥೆ ಆಮೇಲೆ ಹೇಳುತ್ತೇನೆ. ನಮ್ಮದು ತಿಪಟೂರು ಕಡೆಯ ಹಳ್ಳಿ. ಊರಿನ ಹೆಸರು ಬೇಡ, ದೂರುವುದೂ ಸ್ವಲ್ಪ ಇದೆ.

ಪುಟ್ಟಿ ಹುಟ್ಟಿದ್ದು 2019ರ ಮೇನಲ್ಲಿ. ಅವಳಿಗೆ ಹತ್ತು ತಿಂಗಳಾದಾಗ ಕೊರೊನಾ ಬಂತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಅಂಗನವಾಡಿಗಳು ಮತ್ತೆ ತೆರೆದಿದ್ದು 2021ರ ನವೆಂಬರ್‌ನಲ್ಲಿ. ಅಷ್ಟು ದಿನ ಅವಳು ನೋಡಿದ್ದು ನಾವು ಮೂರು ಜನ, ಎರಡು ಹಸು, ಕೊಬ್ಬರಿ ಅಟ್ಟ. ಹೊರಗಿನವರು ಬಂದರೆ ನನ್ನ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದಳು. ಸಾಲದ್ದಕ್ಕೆ ಅವಳನ್ನು ಸೇರಿಸುವ ಹೊತ್ತಿಗೆ ನಾನು ಎರಡನೇ ಬಸುರಿ. ಅವಳನ್ನು ಎತ್ತಿಕೊಂಡು ಓಡಾಡುವ ಸ್ಥಿತಿಯಲ್ಲಿ ಇರಲಿಲ್ಲ.

ಸೇರಿಸುವ ಮೊದಲೇ ಟೀಚರ್ ಮೂರು ಸಲ ಮನೆಗೆ ಬಂದರು. ಮೊದಲ ಸಲ ಪುಟ್ಟಿಯನ್ನು ಮಾತೂ ಆಡಿಸಲಿಲ್ಲ. ನಮ್ಮತ್ತೆ ಜೊತೆ ಅಂಗಳದಲ್ಲಿ ಕೂತು ಕಾಯಿ ರೇಟು ಮಾತಾಡಿ ಎದ್ದು ಹೋದರು. ಎರಡನೇ ಸಲ ಒಂದು ಕರಟ ಕೇಳಿದರು, ಪುಟ್ಟಿ ತಂದುಕೊಟ್ಟಳು. ಮೂರನೇ ಸಲ 'ನಾಳೆ ಇದನ್ನ ನಮ್ಮನೆಗೆ ತಂದ್ಕೊಡ್ತೀಯಾ ಪುಟ್ಟಮ್ಮ?' ಎಂದು ಕರಟವನ್ನು ನಮ್ಮ ಜಗಲಿಯಲ್ಲೇ ಬಿಟ್ಟು ಹೋದರು. ಅವರು ಮರೆತು ಬಿಟ್ಟರು ಅಂದುಕೊಂಡಿದ್ದೆ. ಬೇಕೆಂದೇ ಬಿಟ್ಟಿದ್ದರಂತೆ.

ಅಂಗನವಾಡಿ ಅನ್ನುವ ಹೆಸರಿನ ಹಿಂದೆಯೂ ಇಂಥದ್ದೇ ಒಂದು ಕಥೆ ಇದೆ ಎಂದು ಆಮೇಲೆ ತಿಳಿಯಿತು. ತಾರಾಬಾಯಿ ಮೋಡಕ್ ಎಂಬುವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿ ಮಕ್ಕಳಿಗಾಗಿ ಬಾಲವಾಡಿ ತೆರೆದರು. ಅವರ ಜೊತೆಗಿದ್ದವರು ಅನುತಾಯಿ ವಾಘ್. ಬಡವರ ಕೇರಿಯ ಮಕ್ಕಳು ಬಾಲವಾಡಿಗೆ ಬರುತ್ತಿರಲಿಲ್ಲ. ಸರಿ, ಬಾಲವಾಡಿಯನ್ನೇ ಅವರ ಅಂಗಳಕ್ಕೆ ಕೊಂಡುಹೋದರು. ಅದೇ ಅಂಗನವಾಡಿ. ಸರ್ಕಾರದ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಎಷ್ಟು ಟೀಚರ್‌ಗಳು ಈಗಲೂ ಅಂಗಳಕ್ಕೆ ಬಂದು ಕೂರುತ್ತಾರೋ ಗೊತ್ತಿಲ್ಲ. ನಮ್ಮವರು ಬಂದರು.

ಮೊದಲ ದಿನ ಪುಟ್ಟಿ ಬಾಗಿಲ ಹತ್ತಿರ ರಚ್ಚೆ ಹಿಡಿದಳು. ನಮ್ಮತ್ತೆಗೆ ಮುಜುಗರ. ಒಳಗೆ ಬಿಟ್ಟು ಓಡಿಬರಲು ನೋಡಿದರು. ಟೀಚರ್ ಬಿಡಲಿಲ್ಲ. 'ಅಜ್ಜಿ, ನೀವೂ ಒಳಕ್ ಬನ್ನಿ. ಅಳೋವಾಗ ಬಿಟ್ಟು ಓಡಿದ್ರೆ ನಾಳೆ ನಿಮ್ಮುನ್ನೂ ನಂಬಲ್ಲ, ನಮ್ಮುನ್ನೂ ನಂಬಲ್ಲ' ಅಂದರು. ಅತ್ತೆ ಒಂದು ವಾರ ಮಕ್ಕಳ ನಡುವೆಯೇ ಚಾಪೆ ಮೇಲೆ ಕೂತರು. ಸುಮ್ನೆ ಕೂರಲು ಬಿಡದೆ ಆಯಮ್ಮ ಅವರ ಕೈಗೆ ಅಕ್ಕಿ ಮೊರ ಕೊಟ್ಟರು. ಎರಡನೇ ವಾರ ಆ ಮೊರ ಹೊಸ್ತಿಲ ಹತ್ತಿರಕ್ಕೆ ಬಂತು. ಮೂರನೇ ವಾರ ಜಗಲಿಗೆ. ಆಮೇಲೆ ಹೊಂಗೆ ಮರದ ಕೆಳಗೆ. ಒಂದು ದಿನ ಪುಟ್ಟಿ ಕಿಟಕಿಯಲ್ಲಿ ಇಣುಕಿ, 'ಅಜ್ಜಿ, ನೀನು ಮನೆಗೋಗು, ನಂಗೆ ಕೆಲ್ಸ ಅದೆ' ಅಂದಳಂತೆ. ಅತ್ತೆಗೆ ನಗು ಬಂತೋ ಬೇಜಾರಾಯಿತೋ ಹೇಳಲಿಲ್ಲ. ಮನೆಗೆ ಬಂದವರು ಮಧ್ಯಾಹ್ನದವರೆಗೂ ಮಾತಾಡಲಿಲ್ಲ.

ಇದಕ್ಕೆಲ್ಲ ಒಟ್ಟು ಐದು ವಾರ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಈ ವಿಮರ್ಶೆಯಲ್ಲಿ ಬೇರೇನೂ ಓದದಿದ್ದರೂ ಇದೊಂದು ಓದಿ.

ನಡುವೆ ಒಂದು ತಮಾಷೆ. ಬಸುರಿ, ಬಾಣಂತಿಯರಿಗೆ ಮಧ್ಯಾಹ್ನ ಅಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ಇದೆಯಲ್ಲ, ನಾನೂ ಊಟಕ್ಕೆ ಹೋಗಬೇಕಿತ್ತು. ಬೆಳಿಗ್ಗೆಯೆಲ್ಲ ಸುಮ್ಮನಿದ್ದ ಪುಟ್ಟಿ, ನನ್ನನ್ನು ಕಂಡ ತಕ್ಷಣ ಮತ್ತೆ ಅಳು. ಟೀಚರ್ ಅದಕ್ಕೂ ದಾರಿ ಹುಡುಕಿದರು. ನನಗೆ ತಟ್ಟೆ ಇಡುವ ಕೆಲಸ ಅವಳಿಗೆ ವಹಿಸಿದರು. ಅಮ್ಮ ಬಂದರೆ ಅಮ್ಮನ ಜೊತೆ ಹೋಗುವುದಲ್ಲ, ಅಮ್ಮನಿಗೆ ಬಡಿಸುವುದು. ಹೆರಿಗೆಯ ದಿನದವರೆಗೂ ನನ್ನ ತಟ್ಟೆ ಇಟ್ಟಿದ್ದು ಅವಳೇ. ಮೊಟ್ಟೆ ಉರುಳಿ ನೆಲಕ್ಕೆ ಬಿದ್ದ ದಿನಗಳೂ ಇವೆ. ತೊಳೆದು ತಿಂದೆ.

ಊಟದ ಬಗ್ಗೆ ಹೇಳುವುದಾದರೆ, ಅನ್ನ ಸಾಂಬಾರು ಜಾಸ್ತಿ, ಉಪ್ಪಿಟ್ಟು, ಮೊಳಕೆ ಕಾಳು. ಹಾಲು ವಾರಕ್ಕೆ ಐದು ದಿನ, ತಲಾ 150 ಮಿ.ಲೀ., ಪುಡಿ ಕಲಸಿದ್ದು. ಮೊಟ್ಟೆ ವಾರಕ್ಕೆ ಎರಡು. ಮನೆಯ ಹಸುವಿನ ಹಾಲು ಮುಟ್ಟದ ನನ್ನ ಮಗಳು ಅಲ್ಲಿನ ಪುಡಿ ಹಾಲು ಲೋಟಗಟ್ಟಲೆ ಕುಡಿದಳು. ಪಕ್ಕದ ಮಗು ಕುಡಿಯುತ್ತಿದೆ ಅನ್ನುವುದೇ ಸಕ್ಕರೆ ಇರಬೇಕು. ಸೇರಿದ ವಾರ ಅವಳ ತೂಕ 10.6 ಕೆ.ಜಿ. ಬೆಳವಣಿಗೆ ಪಟ್ಟಿಯಲ್ಲಿ ಹಳದಿಗೆ ಬಿತ್ತು. ಆ ಪಟ್ಟಿಯಲ್ಲಿ ಹಸಿರು ಸರಿ, ಹಳದಿ ಕಡಿಮೆ ತೂಕ, ಅದಕ್ಕೂ ಕೆಳಗಿನದು ಅಪಾಯ. ನನಗೆ ಸಿಟ್ಟೇ ಬಂತು. ನಮ್ಮ ವಂಶವೇ ಸಣಕಲು, ಇವರೇನು ಹೇಳುವುದು ಅಂತ. ಟೀಚರ್ ವಾದ ಮಾಡಲಿಲ್ಲ. ಬೆಳಿಗ್ಗೆ ಎದ್ದಕೂಡಲೇ ಬಿಸ್ಕತ್ತು, ಟೀ ಕೊಡುವುದನ್ನು ಒಂದು ತಿಂಗಳು ನಿಲ್ಲಿಸಿ ನೋಡಿ, ರಾಗಿ ಗಂಜಿಗೆ ಒಂದು ಚಮಚ ತುಪ್ಪ ಹಾಕಿ ಅಂದರು. ನಾನು ಟೀ ಕೊಡುವುದು ಅವರಿಗೆ ಹೇಗೆ ಗೊತ್ತಾಯಿತೋ! ಪುಟ್ಟಿಯೇ ಹೇಳಿರಬೇಕು. ಮುಂದಿನ ಫೆಬ್ರವರಿಗೆ 12.2 ಕೆ.ಜಿ. ಹಸಿರು.

ಕಲಿಕೆಗೆ ಬರೋಣ. ಇಲ್ಲಿ 'ಚಿಲಿಪಿಲಿ' ಅನ್ನುವ ಪಠ್ಯಕ್ರಮವಿದೆ. ಆಟ, ಕಥೆ, ಹಾಡು, ಚಟುವಟಿಕೆ. ನಮ್ಮ ಟೀಚರ್ ವಾರಕ್ಕೊಂದು ವಿಷಯ ಹಿಡಿಯುತ್ತಿದ್ದರು. ಸಂತೆ ವಾರ ಬಂದರೆ ಕರಟವೇ ತಕ್ಕಡಿ, ಹುಣಸೆ ಬೀಜವೇ ದುಡ್ಡು, ಹೊಂಗೆ ಎಲೆಯೇ ಸೊಪ್ಪು. ಪುಟ್ಟಿ ಎಣಿಸಲು ಕಲಿತಿದ್ದು ಈ ವ್ಯಾಪಾರದಲ್ಲಿ. ಮನೆಗೆ ಬಂದು ಅವರಪ್ಪನಿಗೆ ಚಿಲ್ಲರೆ ಕೊಡದೆ ಮೋಸ ಮಾಡುವುದನ್ನೂ ಕಲಿತಳು. ಪುಸ್ತಕ ಬರವಣಿಗೆ ಮೊದಲ ವರ್ಷ ಇಲ್ಲವೇ ಇಲ್ಲ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಯೋಚಿಸಿದೆ. ಒಂದು ಮನೆಯವರು ತಮ್ಮ ಮಗುವನ್ನು ದಿನಾ ಊಟದ ಹೊತ್ತಿಗೆ ಸರಿಯಾಗಿ ಕರೆದುಕೊಂಡು ಹೋಗುತ್ತಿದ್ದರು. ಅಡುಗೆ ಮಾಡುವುದು ಆಯಮ್ಮ. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಟೀಚರ್ ಜಗಳ ಆಡಲಿಲ್ಲ. ಆ ಮಗುವಿನ ಹೆಸರಿನಲ್ಲೂ ಒಂದು ತಟ್ಟೆ ದಿನಾ ಇಡಿಸುತ್ತಿದ್ದರು, ಖಾಲಿ ಇದ್ದರೂ ಸರಿ. ಒಂದು ದಿನ ಕರೆಯಲು ಬಂದಾಗ ಮಗು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟುಕೊಂಡಿತ್ತು. ಅದಕ್ಕೆ ಊಟ ಬೇಕಿತ್ತೋ, ಆಟ ಬೇಕಿತ್ತೋ. ಎರಡು ಮೂರು ದಿನ ಹೀಗೇ ಆಗಿ ಅವರೇ ಸೋತರು. ಈಗ ಆ ಮನೆಯ ಎರಡನೇ ಮಗುವೂ ಅಲ್ಲೇ ಉಣ್ಣುತ್ತದೆ. ದೊಡ್ಡವರು ಆಯಮ್ಮನ ಮನೆಗೆ ಹೋಗಿ ನೀರು ಕುಡಿಯುತ್ತಾರೆ ಅಂತ ನಾನು ಹೇಳುತ್ತಿಲ್ಲ.

ಈಗ ಆ ನಾಲ್ಕು ತಿಂಗಳ ಕಥೆ. 2023ರ ಜೂನ್‌ನಲ್ಲಿ ನಮ್ಮ ನಾದಿನಿ ಮಗ ಇಂಗ್ಲಿಷ್‌ನಲ್ಲಿ ಹಣ್ಣಿನ ಹೆಸರು ಪಟಪಟ ಹೇಳಿದ. ನಮ್ಮವಳು ಹಣ್ಣು ತಿಂದಳು ಅಷ್ಟೇ. ಎಲ್ಲರೂ ನನ್ನ ಮುಖ ನೋಡಿದರು. ವಾರದೊಳಗೆ ಪಟ್ಟಣದ ಒಂದು ಖಾಸಗಿ ಶಾಲೆಗೆ ಎಲ್‌ಕೆಜಿಗೆ ಸೇರಿಸಿದೆವು. ಟೈ, ಬೂಟು, ಬೆಳಿಗ್ಗೆ ಏಳೂವರೆಗೆ ವ್ಯಾನು. ಅಲ್ಲಿ ಮೊದಲ ದಿನ ಮಗುವನ್ನು ಗೇಟಿನಲ್ಲೇ ಎತ್ತಿಕೊಂಡರು. ಪೋಷಕರು ಒಳಗೆ ಬರುವಂತಿಲ್ಲ. 'ಅಳ್ಲಿ ಬಿಡಿ ಮೇಡಂ, ಎರಡು ದಿನದಲ್ಲಿ ಸರಿಹೋಗ್ತಾರೆ' ಅಂದರು. ನಿಜ, ಮೂರನೇ ದಿನ ಅಳು ನಿಂತಿತು. ಮಾತೂ ನಿಂತಿತು. ನಾಲ್ಕು ವರ್ಷದ ಮಗುವಿಗೆ ದಿನಾ ಎರಡು ಪುಟ ಬರವಣಿಗೆ. ರಾತ್ರಿ ಹಾಸಿಗೆ ಒದ್ದೆ ಮಾಡುವುದು ಶುರುವಾಯಿತು. ಎಲ್ಲ ಖಾಸಗಿ ಶಾಲೆಯೂ ಹೀಗೇ ಅನ್ನುವುದಿಲ್ಲ. ನಮಗೆ ಸಿಕ್ಕಿದ್ದು ಹೀಗಿತ್ತು. ದಸರಾ ರಜೆಗೆ ಬಂದವಳು ತಾನಾಗಿಯೇ ಅಂಗನವಾಡಿಗೆ ನಡೆದುಕೊಂಡು ಹೋಗಿ ಕೂತಳು. ಕಟ್ಟಿದ ಫೀಸು ವಾಪಸ್ ಬರಲಿಲ್ಲ. ಟೀಚರ್ ಒಂದು ಮಾತೂ ಆಡಲಿಲ್ಲ, 'ಹೋಗಿದ್ರಲ್ಲ' ಅಂತಲೂ ಅನ್ನಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಬರೆದುಕೊಂಡರು.

ಇನ್ನು ಕೊರತೆಗಳು. ಒಂದೊಂದಾಗಿ ನೆನಪು ಮಾಡಿಕೊಂಡರೆ ಕಮ್ಮಿಯೇನಿಲ್ಲ.

ಶೌಚಾಲಯ ಇದೆ, ನಲ್ಲಿ ಇದೆ, ನಲ್ಲಿಯಲ್ಲಿ ನೀರು ಮಾತ್ರ ವರ್ಷದ ಅರ್ಧದಷ್ಟು ದಿನ ಇರುವುದಿಲ್ಲ. ಆಯಮ್ಮ ಕೊಡದಲ್ಲಿ ಹೊತ್ತು ತರುತ್ತಾರೆ. ಮಳೆಗಾಲದಲ್ಲಿ ಒಂದು ಮೂಲೆ ಸೋರುತ್ತದೆ, ಅಲ್ಲಿ ಪಾತ್ರೆ ಇಡುತ್ತಾರೆ, ಮಕ್ಕಳಿಗೆ ಅದೂ ಆಟ. ಮೊಟ್ಟೆಯ ದುಡ್ಡು ತಡವಾದ ತಿಂಗಳು ಟೀಚರ್ ಕೈಯಿಂದ ಹಾಕಿ ತಂದಿದ್ದಾರೆ. ಅಂಗಡಿಯಲ್ಲಿ ಅವರ ಹೆಸರಿನಲ್ಲಿ ಸಾಲ ಬರೆದಿದ್ದು ನಾನೇ ನೋಡಿದ್ದೇನೆ. ಪೌಷ್ಟಿಕ ಆಹಾರಕ್ಕೆ 2017ರಲ್ಲಿ ಕೇಂದ್ರ ಕಟ್ಟಿದ ಲೆಕ್ಕ ಮಗುವಿಗೆ ದಿನಕ್ಕೆ 8 ರೂಪಾಯಿ. ತಿಪಟೂರಿನಲ್ಲಿ 8 ರೂಪಾಯಿಗೆ ಏನು ಬರುತ್ತದೆ, ನೀವೇ ಹೇಳಿ.

ನನಗೆ ಎಲ್ಲಕ್ಕಿಂತ ಬೇಜಾರು ಫೋನಿನದು. ಮೂರು ವರ್ಷದಲ್ಲಿ ಟೀಚರ್ ಕೈಯಲ್ಲಿ ಚಿತ್ರಪಟ ಇರುವ ಹೊತ್ತು ಕಮ್ಮಿಯಾಗುತ್ತಾ ಬಂತು, ಫೋನು ಇರುವ ಹೊತ್ತು ಜಾಸ್ತಿಯಾಯಿತು. ಹಾಜರಿ, ತೂಕ, ಊಟದ ಫೋಟೊ, ಎಲ್ಲ ಆ್ಯಪಿಗೆ. ಅದರ ಮೇಲೆ ಹಳೆಯ ರಿಜಿಸ್ಟರುಗಳೂ ಇದ್ದೇ ಇವೆ. ಈಗೀಗ ಸಣ್ಣ ಮಕ್ಕಳ ಪುಷ್ಟಿ ಪುಡಿ ಒಯ್ಯಲು ತಾಯಂದಿರು ಮುಖ ಗುರುತಿಗಾಗಿ ಫೋನಿನ ಮುಂದೆ ನಿಂತು ಕಣ್ಣು ಮಿಟುಕಿಸಬೇಕು. ನೆಟ್‌ವರ್ಕ್ ಸಿಗುವುದು ಹೊಂಗೆ ಮರದ ಕೆಳಗೆ ಮಾತ್ರ. ಟೀಚರ್ ಅಲ್ಲಿ, ಮಕ್ಕಳು ಇಲ್ಲಿ. ಆಗ ಒಳಗೆ ಆಯಮ್ಮ ಒಬ್ಬರೇ, ಒಲೆ ಮೇಲೆ ಕುದಿಯುವ ಸಾಂಬಾರು ಬೇರೆ.

2023ರ ಜನವರಿಯಲ್ಲಿ ಅಂಗನವಾಡಿಗೆ ಬೀಗ ಬಿತ್ತು. ಟೀಚರ್ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿಗೆ ಕೂತಿದ್ದರು. ಮನೆಯಲ್ಲಿ ಒಂದು ತಿಂಗಳ ಕೂಸು, ಮೇಲೆ ಪುಟ್ಟಿಯ ಹಟ. ನಾನು ಚೆನ್ನಾಗಿ ಬೈದೆ. ಆಮೇಲೆ ಲೆಕ್ಕ ಕೇಳಿದೆ. ಅವರಿಗೆ ಸಿಗುವುದಕ್ಕೆ ಸಂಬಳ ಅನ್ನುವ ಹೆಸರೂ ಇಲ್ಲ, ಗೌರವಧನ. ಕೇಂದ್ರದ ಪಾಲು 2018ರಲ್ಲಿ ಏರಿ 4,500 ರೂಪಾಯಿ ಆಯಿತು, ಸಹಾಯಕಿಗೆ 2,250. ರಾಜ್ಯ ತನ್ನದನ್ನು ಮೇಲೆ ಸೇರಿಸುತ್ತದೆ. ಇವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲೇ ಹೇಳಿತ್ತು. ಅದನ್ನೇ ಕೇಳಲು ಹೋಗಿದ್ದರು. ಬೈದಿದ್ದಕ್ಕೆ ನಾಚಿಕೆಯಾಯಿತು, ಆದರೆ ಅವರಿಗೆ ಹೇಳಿಲ್ಲ. ಓದಿದರೆ ಓದಲಿ.

ಪುಟ್ಟಿ ಈಗ ಊರಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. ಇಂಗ್ಲಿಷ್ ಇನ್ನೂ ಅಷ್ಟಕ್ಕಷ್ಟೆ. ಗೊತ್ತಿಲ್ಲದ್ದನ್ನು ಕೈಯೆತ್ತಿ ಕೇಳುತ್ತಾಳೆ ಎಂದು ಮೇಷ್ಟ್ರು ಹೇಳಿದರು. ಅಷ್ಟು ಸಾಕು ನನಗೆ.

ನಿಮ್ಮ ಮಗುವನ್ನು ಸೇರಿಸುವುದಾದರೆ ಜನನ ಪ್ರಮಾಣ ಪತ್ರ, ಆಧಾರ್, ತಾಯಿ ಕಾರ್ಡ್ ಇಟ್ಟುಕೊಂಡು ಹೋಗಿ. ಫೀಸಿಲ್ಲ. ಆದರೆ ಮೊದಲು ಒಂದು ದಿನ ಹತ್ತೂವರೆ ಹನ್ನೊಂದರ ಹೊತ್ತಿಗೆ ಹೇಳದೆ ಕೇಳದೆ ಹೋಗಿ ನೋಡಿ. ಗೋಡೆಯ ಚಿತ್ರ ನೋಡಬೇಡಿ. ಅಳುವ ಮಗು ಯಾರ ಮಡಿಲಲ್ಲಿದೆ ನೋಡಿ. ತಾಯಂದಿರು, ಊರಿನವರು ಸೇರಿ ಅಂಗನವಾಡಿಯ ಕೆಲಸ ನೋಡುವ ಬಾಲವಿಕಾಸ ಸಮಿತಿಯ ಸಭೆಗೂ ಹೋಗಿ. ನಾನು ಮೂರನೇ ವರ್ಷ ಹೋದೆ, ಮೊದಲೇ ಹೋಗಿದ್ದರೆ ನಲ್ಲಿ ಇಷ್ಟು ಹೊತ್ತಿಗೆ ಸರಿಯಾಗುತ್ತಿತ್ತೋ ಏನೋ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅದರಲ್ಲಿ ಮೂರೂವರೆ ಆ ಇಬ್ಬರು ಹೆಂಗಸರದ್ದು. ಚಿಂತೆ ಇರುವುದೂ ಅಲ್ಲೇ. ಮಗನಿಗೆ ಡಿಸೆಂಬರ್‌ನಲ್ಲಿ ಮೂರು ತುಂಬಿತು, ಸಂಕ್ರಾಂತಿ ಕಳೆದ ಮೇಲೆ ಸೇರಿಸಿದ್ದೇವೆ. ಅತ್ತೆ ಮತ್ತೆ ಮೊರ ಹಿಡಿದು ಚಾಪೆ ಮೇಲೆ ಕೂತಿದ್ದಾರೆ. ಟೀಚರ್‌ಗೆ ಈ ವರ್ಷ ಅರವತ್ತು ತುಂಬುತ್ತದೆ. ಹೊಸದಾಗಿ ಬರುವವರು ಒಂದು ತಿಂಗಳಾದರೂ ಇವರ ಜೊತೆ ಕೂತು ಹೋಗುವಂತೆ ಮಾಡಿ ಎಂದು ಸಮಿತಿಯಿಂದ ಅರ್ಜಿ ಬರೆದು ಕೊಟ್ಟಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಬಂದರೆ ಇಲ್ಲೇ ಕೆಳಗೆ ಸೇರಿಸುತ್ತೇನೆ.