ಜೊಂಡು, ದರ್ಭೆ, ಖರ್ಜೂರದ ನಾರು: ಈಜಿಪ್ಟಿನ ಕುಂಚಗಳನ್ನು ಹಿಡಿದು ನೋಡಿದಾಗ

ಮೂರು ಕುಂಚಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು ಎಂದಾದರೆ ನಾನು ಜೊಂಡಿನ ಕಡ್ಡಿಯನ್ನೇ ಇಟ್ಟುಕೊಳ್ಳುತ್ತೇನೆ. ಹಲಗೆಗೆ ಜಿಪ್ಸಂ ಬಳಿದು, ಪ್ರಾಚೀನ ಈಜಿಪ್ಟಿನ ಅಧಿಕಾರಿ ನೆಬಮುನ್‌ನ ಸಮಾಧಿಯ ಗೋಡೆಚಿತ್ರದಲ್ಲಿರುವ ಬೆಕ್ಕನ್ನು ಮೂರರಿಂದಲೂ ಬರೆದು ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಕ್ರಿ.ಪೂ. 1350ರ ಸುಮಾರಿನ ಆ ಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹಕ್ಕಿಗಳನ್ನು ಹಿಡಿದ ಬೆಕ್ಕಿನ ಮೈಮೇಲೆ ಕೂದಲನ್ನು ಸಣ್ಣ ಸಣ್ಣ ಗೆರೆಗಳಲ್ಲಿ ಎಳೆದಿದ್ದಾರೆ.

ಸೀಳು ತುದಿಯ ಲೇಖನಿ ಈಜಿಪ್ಟಿಗೆ ಬಂದದ್ದು ಗ್ರೀಕರ ಕಾಲದಲ್ಲಿ. ಅದಕ್ಕೂ ಮೊದಲು ಲಿಪಿಕಾರರ ಕೈಯಲ್ಲಿದ್ದದ್ದು ಸುಮಾರು 2 ಮಿಲಿಮೀಟರ್ ದಪ್ಪದ ಜೊಂಡು. ಅದರ ತುದಿಯನ್ನು ಓರೆಯಾಗಿ ಕತ್ತರಿಸಿ, ಜಗಿದು ನಾರು ಬಿಡಿಸುತ್ತಿದ್ದರು. ಅಲ್ಲಿಯ ಜೊಂಡು ಸಿಗದೆ ನಮ್ಮ ಕೆರೆಯಂಚಿನ ಅಷ್ಟೇ ದಪ್ಪದ ದಂಟನ್ನು ತಂದೆ. ಮೊದಲ ನಾಲ್ಕು ದಂಟುಗಳು ಹೆಚ್ಚು ಜಗಿದು ಪೊರಕೆಯಾದವು. ಐದನೆಯದು ಕೂತಿತು: ಚಪ್ಪಟೆ ಬದಿಯಲ್ಲಿ ಎಳೆದರೆ ದಪ್ಪ ಗೆರೆ, ಅಂಚಿನಲ್ಲಿ ಎಳೆದರೆ ಕೂದಲೆಳೆ. ಈಜಿಪ್ಟಿನವರಿಗೆ ಬರೆಯುವುದಕ್ಕೂ ಚಿತ್ರಿಸುವುದಕ್ಕೂ ಒಂದೇ ಮಾತಿತ್ತು. 'ಚಿತ್ರ ಬರೆ' ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಹಲ್ಫಾ ಹುಲ್ಲಿನ ಕಟ್ಟು. ಹಲ್ಫಾ ಎಂದು ಕರೆಯುವ ಹುಲ್ಲುಗಳಲ್ಲಿ ಒಂದು ನಮ್ಮ ದರ್ಭೆಯೇ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹಿಡಿ ಹುಲ್ಲನ್ನು ನಡುವೆ ಮಡಿಸಿ, ಮಡಿಕೆಯ ಬಳಿ ಬಿಗಿದು ಕಟ್ಟಿದೆ, ಕುಂಚ ಸಿದ್ಧ. ಕೆಮ್ಮಣ್ಣು ತುಂಬಲು ಚೆನ್ನಾಗಿದೆ, ಆದರೆ ಬೆಕ್ಕಿನ ಕಿವಿಯ ಅಂಚು ದಾಟಿ ಬಣ್ಣ ಹರಡಿತು. ಖರ್ಜೂರದ ಗರಿಯ ದಿಂಡನ್ನು ಜಜ್ಜಿ ಮಾಡಿದ ಕುಂಚ ಇನ್ನೂ ಒರಟು. ಅದರಲ್ಲಿ ಬೆಕ್ಕು ಬರೆಯುವ ಪ್ರಯತ್ನವನ್ನು ಅರ್ಧಕ್ಕೇ ಬಿಟ್ಟೆ.

ನೀಲಿಗೆ ಬಂದಾಗ ಲೆಕ್ಕ ತಲೆಕೆಳಗಾಯಿತು. ಈಜಿಪ್ಟಿನ ನೀಲಿ ನೆಲದಿಂದ ಅಗೆದದ್ದಲ್ಲ. ಮರಳು, ಸುಣ್ಣ, ತಾಮ್ರಗಳಿಗೆ ಒಂದಿಷ್ಟು ಕ್ಷಾರ ಬೆರೆಸಿ 850ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಿ ಪಡೆದದ್ದು. ಅಂಚೆಯಲ್ಲಿ ತರಿಸಿದ ಎರಡು ಪುಡಿಗಳಲ್ಲಿ ನುಣ್ಣಗಿನದು ಜೊಂಡಿನಲ್ಲೂ ಸಲೀಸಾಗಿ ಇಳಿಯಿತು, ಆದರೆ ಒಣಗಿದಾಗ ತೊಳೆದ ಬಟ್ಟೆಯಷ್ಟು ಪೇಲವ. ತರಿತರಿ ಪುಡಿಯ ನೀಲಿ ಗಾಢ. ದೀಪ ಹಿಡಿದರೆ ಒಳಗಿನ ಹರಳು ಮಿನುಗುತ್ತದೆ. ಅರೆದಷ್ಟೂ ಬಣ್ಣ ತೆಳುವಾಗುವ ಈ ವಸ್ತುವಿನಲ್ಲಿ ಎಲ್ಲಿ ಅರೆಯುವುದನ್ನು ನಿಲ್ಲಿಸಬೇಕೆಂದು ಅರಿತವನೇ ಕುಶಲಿ. ಈ ತರಿಯನ್ನು ಜೊಂಡು ಹೊರಲಾರದು, ದರ್ಭೆ ಅಲ್ಲಲ್ಲಿ ಗುಡ್ಡೆ ಹಾಕುತ್ತದೆ. ನಾನು ಬದಿಗಿಟ್ಟಿದ್ದ ಖರ್ಜೂರದ ನಾರೇ ಅದನ್ನು ಸಮನಾಗಿ ಒತ್ತಿ ಕೂರಿಸಿತು.

ಅಂಟಿನ ವಿಷಯ ಚಿಕ್ಕದು. ಕರಿಜಾಲಿಯ ಗೋಂದು (ನೈಲ್ ದಂಡೆಯಲ್ಲೂ ಬೆಳೆಯುವ ಮರವೇ) ಕೆಮ್ಮಣ್ಣಿಗೂ ಮಸಿಗೂ ಸಾಕು. ತರಿ ನೀಲಿಗೆ ಬಳಸಿದಾಗ, ಒಣಗಿದ ಮೇಲೆ ಬೆರಳು ಸವರಿದರೆ ಪುಡಿ ಉದುರಿತು. ತೊಗಲು ಕುದಿಸಿ ತೆಗೆದ ಅಂಟು ಹಾಕಿದ ಮೇಲೆ ಉದುರಲಿಲ್ಲ.

ಅದೇ ಸಮಾಧಿಯ ಕೊಳದ ಚಿತ್ರವನ್ನು ಹೀಗೆ ನಾರಿನಿಂದ ತುಂಬಿ, ಒಣಗಿಸಿ, ನೀರಿನ ಅಲೆಗಳನ್ನು ಮಸಿಯಲ್ಲಿ ಎಳೆಯಲು ಮತ್ತೆ ಜೊಂಡನ್ನೇ ಕೈಗೆತ್ತಿಕೊಂಡೆ. ಒರಟು ಹರಳಿನ ಮೇಲೆ ಅದರ ತುದಿ ಮೂರು ಅಲೆಗಳಿಗೇ ಸವೆಯಿತು. ಕತ್ತರಿಸಿ, ಮತ್ತೆ ಜಗಿದು, ನಾಲ್ಕನೆಯ ಅಲೆ ಎಳೆದೆ.