ಮಕ್ಕಳ ಶಿಲ್ಪಕಲೆ ಶಿಬಿರಕ್ಕೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ದಸರಾ ರಜೆಗೆ "ಶಿಲ್ಪ ಮತ್ತು ಮಿಶ್ರ ಮಾಧ್ಯಮ ಶಿಬಿರ" ಅಂತ ಒಂದು ಪೋಸ್ಟರ್ ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್ ಗುಂಪುಗಳಲ್ಲಿ ಓಡಾಡುತ್ತಿದೆ. ಬೇಸಿಗೆ ರಜೆಯಲ್ಲಿ ನಾನು ನೋಡಿ ಮಗನನ್ನು ಸೇರಿಸಿದ್ದೂ ಇದೇ ಪೋಸ್ಟರ್, ಅದೇ ಬೇಲೂರಿನ ಮದನಿಕೆಯ ಫೋಟೋ. ತಾರೀಖು ಮಾತ್ರ ಬದಲಾಗಿದೆ. ದೂರು ಕೊಟ್ಟಿರುವುದರಿಂದ ಶಿಬಿರ ನಡೆಸುವವರ ಹೆಸರು ಇಲ್ಲಿ ಹಾಕುವುದಿಲ್ಲ. ಆದರೆ ನಮಗೆ ಏನಾಯಿತು ಅಂತ ಹೇಳದೆ ಇರಲು ಆಗುತ್ತಿಲ್ಲ.

ನನ್ನ ಮಗನಿಗೆ 12 ವರ್ಷ, ಮಣ್ಣು ಅಂದರೆ ಪ್ರಾಣ. ನಮ್ಮ ಮನೆಯ ಗಣೇಶನನ್ನು ಅವನೇ ಮಾಡುತ್ತಾನೆ. ಎರಡು ವಾರಕ್ಕೆ ಫೀಸು 8,500 ರೂಪಾಯಿ, ಸಾಮಗ್ರಿ ಎಲ್ಲ ಸೇರಿ ಅಂದರು. ಮಣ್ಣಿನ ಶಿಲ್ಪ ಮಾಡಿಸಿ ಭಟ್ಟಿಯಲ್ಲಿ ಸುಟ್ಟು ಕೊಡುತ್ತೇವೆ, ಬಳಪದ ಕಲ್ಲಿನಲ್ಲಿ ಕೆತ್ತನೆ ಕಲಿಸುತ್ತೇವೆ, ಮಿಶ್ರ ಮಾಧ್ಯಮದಲ್ಲಿ, ಅಂದರೆ ಬೇರೆ ಬೇರೆ ವಸ್ತು ಸೇರಿಸಿ, ಒಂದು ದೊಡ್ಡ ಕೆಲಸ, ಕೊನೆಗೆ ಪ್ರದರ್ಶನ. ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಓದಿದ ಶಿಲ್ಪಿಯೊಬ್ಬರು ಬಂದು ಕಲಿಸುತ್ತಾರೆ ಅಂತ ಫೋನಿನಲ್ಲಿ ಹೇಳಿದರು. ನಂಬಿದೆವು, ಯಾರಾದರೂ ನಂಬುವ ಹಾಗೇ ಮಾತಾಡಿದರು.

ಆ ಶಿಲ್ಪಿ ಬರಲೇ ಇಲ್ಲ. ಇಬ್ಬರು ಕಾಲೇಜು ಹುಡುಗರು ಕಲಿಸಿದರು, ಪಾಪ ಅವರ ಮೇಲೆ ನನಗೆ ಕೋಪವಿಲ್ಲ. ಬಳಪದ ಕಲ್ಲು ಅಂದಿದ್ದರಲ್ಲ, ಮಕ್ಕಳ ಕೈಗೆ ಕೊಟ್ಟಿದ್ದು ಬಟ್ಟೆ ಸೋಪು. ಸೋಪಿನಲ್ಲಿ ಕೆತ್ತಿ ಕೈ ಪಳಗಿಸುವುದು ತಪ್ಪಲ್ಲ, ಒಳ್ಳೆಯದೇ. ಆದರೆ ಬೇಲೂರು, ಹಳೇಬೀಡಿನ ಶಿಲ್ಪಗಳು ಆಗಿರುವುದು ಬಳಪದ ಕಲ್ಲಿನಲ್ಲಿ, ಆ ಹೆಸರು ಹೇಳಿ, ಆ ಫೋಟೋ ತೋರಿಸಿ ದುಡ್ಡು ತಗೊಂಡು ಸೋಪು ಕೊಡುತ್ತಾರಾ? ಮಿಶ್ರ ಮಾಧ್ಯಮಕ್ಕೆ ಅಂತ ಮಧ್ಯದಲ್ಲಿ ಇನ್ನೂ 1,200 ರೂಪಾಯಿ ಕಿಟ್‌ಗೆ ಕೇಳಿದರು. ಅದರಲ್ಲಿ ಇದ್ದದ್ದು ರಟ್ಟು, ಸೆಣಬಿನ ದಾರ, ಮಿಂಚಿನ ಗೋಂದು. ತೆಳು ರಟ್ಟಿನ ಮೇಲೆ ನೀರು ನೀರಾದ ಫೆವಿಕಾಲ್ ಬಳಿದರೆ ಏನಾಗುತ್ತೆ? ಒಣಗುವಾಗ ಹಪ್ಪಳದ ಹಾಗೆ ಮುದುಡಿತು, ಅಂಟಿಸಿದ್ದೆಲ್ಲ ಉದುರಿತು. ಪ್ಲೈವುಡ್ಡೋ ಕ್ಯಾನ್ವಾಸೋ ಕೊಟ್ಟು, ಮೊದಲು ಒಂದು ಕೈ ಪ್ರೈಮರ್ ಹೊಡೆಸಬೇಕು ಅನ್ನುವಷ್ಟೂ ಹೇಳಿಕೊಡಲಿಲ್ಲ.

ಒಂದು ದಿನ ಮಕ್ಕಳ ಕೈಯಚ್ಚು ತೆಗೆಯುತ್ತೇವೆ ಅಂತ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಅದರೊಳಗೆ ಕೈ ಇಡಿಸಿದ್ದಾರೆ! ಅದು ಗಟ್ಟಿಯಾಗುವಾಗ ಕಾಯುತ್ತೆ, ದಪ್ಪ ಇದ್ದಷ್ಟೂ ಜಾಸ್ತಿ ಕಾಯುತ್ತೆ, ಕೈ ಸುಡುತ್ತೆ. ನನ್ನ ಮಗ ಬಿಸಿ ಅಂತ ಕೈ ಎಳೆದುಕೊಂಡಿದ್ದಕ್ಕೆ ಬೈಸಿಕೊಂಡು ಬಂದ. ಪುಡಿ ಹಾರುತ್ತಿದ್ದರೂ ಒಬ್ಬರಿಗೂ ಮಾಸ್ಕ್ ಇರಲಿಲ್ಲ.

ಇದನ್ನೆಲ್ಲ ನುಂಗಿಕೊಂಡೇನು. ಬಸವನ ವಿಷಯ ಮಾತ್ರ ಆಗುವುದಿಲ್ಲ.

ಮಗ ಮಣ್ಣಿನಲ್ಲಿ ಒಂದು ಬಸವ ಮಾಡಿದ್ದ. ಕೂತ ಬಸವ, ಕುತ್ತಿಗೆ ಸ್ವಲ್ಪ ಎಡಕ್ಕೆ ತಿರುಗಿತ್ತು, ಒಂದು ಕಿವಿ ಬಾಗಿತ್ತು. ಗುರುವಾರ ಮುಗಿಸಿದ, ಶನಿವಾರ ಪ್ರದರ್ಶನ. ನಮ್ಮ ಅತ್ತೆ, ನನ್ನ ಅಣ್ಣ, ಅತ್ತಿಗೆ ಎಲ್ಲರನ್ನೂ ಕರೆದುಕೊಂಡು ಹೋದೆ. ಮೇಜಿನ ಮೇಲೆ ಅವನ ಹೆಸರಿನ ಚೀಟಿ, ಅದರ ಮುಂದೆ ಇಟ್ಟಿಗೆ ಬಣ್ಣದ ಒಂದು ಬಸವ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಗ ಮಾತ್ರ ಸುಮ್ಮನೆ ನಿಂತಿದ್ದ. ಆಮೇಲೆ ಮೆಲ್ಲಗೆ, "ಅಮ್ಮ, ಇದು ನನ್ನದಲ್ಲ" ಅಂದ. ಎತ್ತಿ ನೋಡಿದೆ, ಹಗುರ. ಬೆನ್ನಿನ ಉದ್ದಕ್ಕೂ ಅಚ್ಚಿನ ಗೆರೆ. ಕೆಳಗೆ ಉಗುರಿನಿಂದ ಕೆರೆದರೆ ಬೆಳ್ಳಗೆ ಪುಡಿ ಬಂತು. ಸುಟ್ಟ ಮಣ್ಣು ಒಳಗೂ ಕೆಂಪಗೇ ಇರಬೇಕಲ್ವಾ! ಪಕ್ಕದ ಮೇಜಿನಲ್ಲಿ ಇನ್ನೊಂದು ಮಗುವಿನ ಹೆಸರಿನ ಮುಂದೆ ಇಂಥದ್ದೇ ಬಸವ, ಅದೇ ಗೆರೆ, ಅದೇ ಮುಖ. ಇಷ್ಟು ಜನರ ಮುಂದೆ ನನ್ನ ಮುಖಕ್ಕೆ ಹೊಡೆದ ಹಾಗಾಯಿತು.

ನಡೆಸುವವರನ್ನು ಕೇಳಿದೆ. "ಮೇಡಂ, ಸುಟ್ಟ ಮೇಲೆ ಮಣ್ಣು ಕುಗ್ಗುತ್ತೆ, ಆಕಾರ ಬದಲಾಗುತ್ತೆ, ನಿಮಗೆ ಟೆಕ್ನಿಕ್ ಗೊತ್ತಿಲ್ಲ" ಅಂದರು. ಎಲ್ಲರ ಎದುರಿಗೇ. ಕುಗ್ಗುತ್ತೆ, ಒಪ್ಪುತ್ತೇನೆ. ಎಡಕ್ಕೆ ತಿರುಗಿದ್ದ ಕುತ್ತಿಗೆ ನೆಟ್ಟಗಾಗುತ್ತಾ? ಕೆಂಪು ಮಣ್ಣು ಬಿಳಿ ಆಗುತ್ತಾ? ಭಟ್ಟಿ ಎಲ್ಲಿದೆ ತೋರಿಸಿ ಅಂದೆ. "ಹೊರಗೆ ಕೊಡಿಸ್ತೀವಿ, ಅದು ನಮ್ಮ ಒಳಗಿನ ವಿಷಯ." ಹಾಗಾದರೆ ಅವನ ಬಸವ ಎಲ್ಲಿ? "ಒಡೆದುಹೋಯ್ತು ಮೇಡಂ, ಮಗುವಿಗೆ ಬೇಜಾರಾಗಬಾರದು ಅಂತ ಬೇರೆ ಇಟ್ವಿ. ನಿಮ್ಮ ಮಗ ಖುಷಿಯಾಗಿದ್ದ, ನೀವೇ ಹಾಳು ಮಾಡ್ತಿದೀರ." ಮಗುವಿಗೆ ಸುಳ್ಳು ಹೇಳಿದ್ದು ಅವರು, ಹಾಳು ಮಾಡಿದ್ದು ನಾನಂತೆ! ಎರಡು ನಿಮಿಷದ ಹಿಂದೆ ಕುಗ್ಗಿತು ಅಂದವರೇ ಈಗ ಒಡೆಯಿತು ಅಂತಾರೆ.

ಆಮೇಲೆ ಪಾಟರಿ ಟೌನ್‌ಗೆ ಹೋಗಿ ಅಲ್ಲಿನ ಕುಂಬಾರರೊಬ್ಬರನ್ನು ವಿಚಾರಿಸಿದೆ. ಗುರುವಾರ ಮಾಡಿದ, ಒಳಗೂ ಮಣ್ಣೇ ತುಂಬಿರುವ ಬೊಂಬೆಯನ್ನು ಶನಿವಾರದೊಳಗೆ ಸುಡಲು ಆಗುವುದೇ ಇಲ್ಲವಮ್ಮ ಅಂದರು. ಮೊದಲು ಒಳಗೆ ಪೊಳ್ಳು ಮಾಡಬೇಕು, ನೆರಳಲ್ಲಿ ನಿಧಾನವಾಗಿ ಒಣಗಿಸಬೇಕು, ಅಷ್ಟು ದಪ್ಪದ್ದಕ್ಕೆ ವಾರವಾದರೂ ಬೇಕು. ಒಳಗೆ ತೇವ ಇದ್ದರೆ ಅದು ಆವಿಯಾಗಿ ಬೊಂಬೆಯೇ ಸಿಡಿಯುತ್ತೆ. ಸುಟ್ಟ ಮೇಲೂ ಭಟ್ಟಿ ತಣ್ಣಗಾಗುವ ತನಕ ಬಾಗಿಲು ತೆಗೆಯುವ ಹಾಗಿಲ್ಲ. ಅಂದರೆ ಸುಡುವ ಯೋಚನೆಯೇ ಇವರಿಗೆ ಇರಲಿಲ್ಲ! ಆ ಅಚ್ಚಿನ ಬಸವಗಳನ್ನು ಮೊದಲೇ ತಂದು ಇಟ್ಟುಕೊಂಡಿದ್ದರು ಅಂತಲೇ ನನ್ನ ಅನುಮಾನ.

ಇದನ್ನು ಅವರ ವಾಟ್ಸಾಪ್ ಗುಂಪಿನಲ್ಲಿ ಬರೆದೆ. "ನೆಗೆಟಿವ್ ಎನರ್ಜಿ ಬೇಡ ಮೇಡಂ" ಅಂತ ಒಂದು ಉತ್ತರ, ಜೊತೆಗೆ ಕೈಮುಗಿಯುವ ಚಿತ್ರ. ಮುಂದಿನ ನಿಮಿಷ ನನ್ನನ್ನು ಗುಂಪಿನಿಂದ ತೆಗೆದಿದ್ದರು. ದುಡ್ಡು ವಾಪಸ್ ಕೇಳಿದರೆ "ಸರ್ಟಿಫಿಕೇಟ್ ಕೊಟ್ಟಾಯ್ತು, ರೀಫಂಡ್ ಇಲ್ಲ."

ದುಡ್ಡು ಕಟ್ಟುವ ಮೊದಲು ಭಟ್ಟಿ ಎಲ್ಲಿದೆ, ಯಾವ ದಿನ ಸುಡುತ್ತೀರಿ ಅಂತ ಕೇಳಿ. ತಡವರಿಸಿದರೆ ಎದ್ದು ಬನ್ನಿ. ಕಲಿಸುವವರ ಹೆಸರು, ಸಾಮಗ್ರಿಯ ಪಟ್ಟಿ ಬರವಣಿಗೆಯಲ್ಲಿ ಇರಲಿ. ಮಗು ಮಾಡಿದ್ದನ್ನು ದಿನವೂ ಫೋಟೋ ತೆಗೆದಿಡಿ, ಮೊದಲ ದಿನದಿಂದಲೇ. ಮಾಲೂರಿನ ಹತ್ತಿರದ ಶಿವಾರಪಟ್ಟಣಕ್ಕೆ ಒಂದು ಭಾನುವಾರ ಕರೆದುಕೊಂಡು ಹೋದರೆ ಶಿಲ್ಪಿಗಳು ನಿಜವಾಗಿ ಕಲ್ಲು ಕೆತ್ತುವುದನ್ನಾದರೂ ಮಕ್ಕಳು ನೋಡುತ್ತಾರೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ನಾನು ದೂರು ಕೊಟ್ಟಿದ್ದೇನೆ. ಆ ಬೇಸಿಗೆ ಬ್ಯಾಚಿನಲ್ಲಿ ಇನ್ನೂ ಎಷ್ಟೋ ಮಕ್ಕಳಿದ್ದರು. ನಿಮ್ಮ ಮನೆಗೂ ಬೆನ್ನ ಮೇಲೆ ಗೆರೆ ಇರುವ ಬಸವ ಬಂದಿದ್ದರೆ ದಯವಿಟ್ಟು ಎಸೆಯಬೇಡಿ, ದುಡ್ಡು ಕಟ್ಟಿದ ಸ್ಕ್ರೀನ್‌ಶಾಟ್ ಜೊತೆ ನೀವೂ ದೂರು ಕೊಡಿ.